ಹಂದಿಗೂ ತೊರಕೆಗೂ ಹೋಲಿಕೆ ಬರೆಯಿರಿ

ಮಗಳ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಂದು ತೊರಕೆ ಮೀನು (ಚಪ್ಪಟೆ ಮೈಯ ಕಡಲ ಮೀನು), ಒಂದು ಕಾಡಿನ ಹಂದಿ, ಎರಡನ್ನೂ ಹೋಲಿಸಿ ಸಂರಕ್ಷಣೆ ಬಗ್ಗೆ ಬರೆಯಬೇಕಂತೆ. ಚಿತ್ರ ಕಡ್ಡಾಯ. ಧಾರವಾಡದ ಮಕ್ಕಳಿಗೆ ತೊರಕೆ ಎಲ್ಲಿಂದ ಗೊತ್ತಿರಬೇಕು? ಹಂದಿ ವಿಷಯದಲ್ಲಿ ಮಾತ್ರ ನಾವು ಹುಬ್ಬಳ್ಳಿ-ಧಾರವಾಡದವರು ಪಂಡಿತರು. ದಿನಾ ಬೈಕಿಗೆ ಅಡ್ಡ ಬರುತ್ತವೆ, ಯಾರವು ಅಂತ ಯಾರಿಗೂ ಗೊತ್ತಿಲ್ಲ, ಹಿಡಿಯುವ ಗಾಡಿ ಬಂದ ದಿನವೇ ಮಾಲೀಕ ಹುಟ್ಟುತ್ತಾನೆ.

"ಅಪ್ಪಾ, ಓಣಿ ಹಂದಿ ನಡಿಯಂಗಿಲ್ಲ, ಕಡಿಮಿ ಇರೋದೇ ಬೇಕು" ಅಂದಳು. ಸರಿ, ಅಸ್ಸಾಂನ ಮಾನಸ್ ಕಾಡಿನ ಕುಬ್ಜ ಹಂದಿ ಆರಿಸಿದೆವು. 10 ಇಂಚು ಎತ್ತರ. ಕಥೆ ಮುಗೀತು ಅಂದುಕೊಂಡಿದ್ದ ಪ್ರಾಣಿ 1971ರಲ್ಲಿ ಮತ್ತೆ ಸಿಕ್ಕಿತು. 1996ರಲ್ಲಿ ಆರು ಹಂದಿ ಹಿಡಿದು, ಮರಿ ಮಾಡಿಸಿ, ಕಾಡಿಗೆ ಬಿಡುತ್ತಾ ಬಂದಿದ್ದಾರೆ. ಅದರ ಮೈಮೇಲಷ್ಟೇ ಬದುಕುವ ಒಂದು ಹೇನಿದೆ, ಅದೂ ಅಳಿವಿನಂಚಿನ ಪಟ್ಟಿಯಲ್ಲಿದೆ! ಹೇನಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ, ನಮ್ಮ ಓಣಿಯ ಬೀದಿದೀಪಕ್ಕೆ ಇನ್ನೂ ಸಿಕ್ಕಿಲ್ಲ.

ತೊರಕೆಯದು ಬೇರೆ ಗೋಳು. ಮಾಂಟಾ ತೊರಕೆ ವರ್ಷ ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಮುಳ್ಳು ತೊರಕೆಯನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಹುಲಿಯ ಪಕ್ಕ ಕೂರಿಸಿದ್ದಾರೆ. ಮೀನು ಪೇಟೆಯಲ್ಲಿ ಹೆಚ್ಚಿಟ್ಟ ತುಂಡು ತೋರಿಸಿ ಇದು ಯಾವ ಶೆಡ್ಯೂಲಿನದು ಅಂತ ಕೇಳಿ ನೋಡಿ. "ಅರ್ಧ ಕಿಲೋ ಹಾಕ್ಲ್ಯಾ?" ಅಂತಾರೆ.

ನಮ್ಮ ಸೋದರಮಾವನದು ಹಾವೇರಿ ಕಡೆ ಹೊಲ. ಅವನ ಗೋವಿನಜೋಳ ತಿಂದದ್ದು ಅದೇ ಕಾಯ್ದೆಯ ಎರಡನೇ ಶೆಡ್ಯೂಲಿನ ಹಂದಿ, ಅಂದರೆ ಕಾಡಹಂದಿ. ಹೊಲದ ಉತಾರ ಹಿಡಿದು ಅರಣ್ಯ ಇಲಾಖೆಗೆ ಪರಿಹಾರ ಕೇಳಲು ಹೋದರೆ, "ತಿಂದಿದ್ದು ಕಾಡಹಂದಿನೋ ಊರಹಂದಿನೋ? ಫೋಟೋ ತರ್ರಿ" ಅಂದರಂತೆ. ಮಾವ ರಾತ್ರಿ ಎರಡಕ್ಕೆ ಅಟ್ಟದ ಮೇಲೆ ಕೂತು ತೆಗೆದ. ಪೂರ್ತಿ ಕತ್ತಲು, ಜೋಳದ ದಂಟಿನ ನಡುವೆ ಒಂದು ಕರಿ ಮುದ್ದೆ, ಅದಕ್ಕೊಂದು ಕಿವಿ. "ಇದು ಹಂದಿ ಅಂತ ಹೆಂಗ್ ನಂಬೋದ್ರೀ?"

ನಾಲ್ಕು ಸಲ ಬಸ್ಸು ಹತ್ತಿ ಹೋಗಿ ಬಂದ. ಅರವತ್ತೈದು ದಾಟಿದ ಮನುಷ್ಯ. ಹೊಲಕ್ಕೆ ಬಂದು ಮುರಿದ ದಂಟು, ಕೆದರಿದ ಮಣ್ಣು ನೋಡಿದ್ದರೆ ಸಾಕಿತ್ತು. ಯಾರೂ ಬರಲಿಲ್ಲ. ನಗೋದಕ್ಕೆ ಏನೂ ಇಲ್ಲ ಇದರಲ್ಲಿ.

ಪ್ರಾಜೆಕ್ಟಿಗೆ ಚಿತ್ರ ಸಿಗದೆ ಮಗಳು ಅದೇ ಫೋಟೋ ಪ್ರಿಂಟ್ ಹಾಕಿಸಿ ಅಂಟಿಸಿ, ಕೆಳಗೆ "ಕುಬ್ಜ ಹಂದಿ, ಮಾನಸ್" ಅಂತ ಬರೆದಳು. ನಿನ್ನೆ ಪುಸ್ತಕ ವಾಪಸ್ ಬಂತು. ಪಕ್ಕದಲ್ಲಿ ಕೆಂಪು ಪೆನ್ನಿನ ರೈಟ್ ಗುರುತು.