ಬಿಳಿ ಸಾಲಿನ ಭಾಗ್ಯ

ಆಲೂರಿನ ಹತ್ತಿರ ನಮ್ಮದೊಂದು ತುಂಡು ಗದ್ದೆ ಇದೆ. ಹೋದ ಸಲ ಭತ್ತ ತೆನೆಗೆ ಬರುವ ಹೊತ್ತಿಗೆ ಸರಿಯಾಗಿ ಆನೆಯೂ ಬಂತು. ಆನೆ ತನ್ನ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮುಗಿಸಿತು. ಪರಿಹಾರದ ಪಟ್ಟಿ ಮಾತ್ರ ತಿಂಗಳುಗಟ್ಟಲೆ ಮುಗಿಯಲಿಲ್ಲ. ಯಾಕೆ ಅಂತ ವಿಚಾರಿಸಲು ಕಚೇರಿಗೆ ಹೋದರೆ, ಅಲ್ಲಿ ಪಟ್ಟಿಗೆ ಬಣ್ಣ ಬಳಿಯುತ್ತಿದ್ದರು.

ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು ಬಿಳಿ, ಒಂದು ಸಾಲು ತಿಳಿ ಹಸಿರು. ಆಪರೇಟರ್ ಒಂದು ಸಾಲು ಹಿಡಿಯುವುದು, ಮೇಲಿರುವ ಬಕೆಟ್ ಗುರುತು ಒತ್ತುವುದು, ಒಂದು ಸಾಲು ಬಿಟ್ಟು ಕೆಳಗಿಳಿಯುವುದು. ಥೇಟ್ ನಾಟಿ ಹಾಕಿದ ಹಾಗೆ. ಸೊಂಟನೋವು ಒಂದಿಲ್ಲ, ಅಷ್ಟೇ.

ಬಣ್ಣವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಡತುದಿಯ ಹೆಸರಿನಿಂದ ಹೊರಟ ಕಣ್ಣು ಹದಿನೈದು ಕಾಲಂ ದಾಟಿ ಬಲತುದಿಯ ಮೊತ್ತ ಮುಟ್ಟುವಷ್ಟರಲ್ಲಿ ಪಕ್ಕದವನ ಸಾಲಿಗೆ ಜಾರಿರುತ್ತದೆ. ಪಟ್ಟೆ ಇದ್ದರೆ ದಾರಿ ತಪ್ಪುವುದಿಲ್ಲ. ಹಿಂದೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹಾಕುತ್ತಿದ್ದ, ಅಂಚಿನಲ್ಲಿ ತೂತಿರುವ ಉದ್ದನೆಯ ಪೇಪರಿನಲ್ಲೂ ಹಸಿರು, ಬಿಳಿ ಪಟ್ಟೆ ಇರುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಹಳೇಬೀಡೇ ಇದೆಯಲ್ಲ. ಹೊಯ್ಸಳೇಶ್ವರನ ಗೋಡೆಯಲ್ಲಿ ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಆಮೇಲೆ ಕುದುರೆ. 12ನೇ ಶತಮಾನದಿಂದ ಇವತ್ತಿನವರೆಗೆ ಒಂದು ಆನೆಯೂ ಪಕ್ಕದ ಸಾಲಿಗೆ ಕಾಲಿಟ್ಟಿಲ್ಲ. ಆಲೂರು ಕಡೆಯ ಆನೆಗಳಿಗೆ ಈ ಶಿಸ್ತಿಲ್ಲ.

ಸಾಹೇಬರಿಗೆ ಪಟ್ಟಿ ಹೋಬಳಿವಾರು ಬೇಕಿತ್ತು. ಸಾರ್ಟ್ ಮಾಡಿದರು. ಕೈಯಲ್ಲಿ ಬಳಿದ ಬಣ್ಣ ಆಯಾ ಸಾಲಿಗೇ ಅಂಟಿಕೊಂಡು ಎದ್ದು ಹೊರಟಿತು. ಒಂದು ಕಡೆ ಮೂರು ಹಸಿರು, ಇನ್ನೊಂದು ಕಡೆ ಐದು ಬಿಳಿ. ಇಲಿ ಕಡಿದ ಜಮಖಾನ! ಮತ್ತೆ ಮೊದಲಿಂದ ಬಳಿದರು. ಆಮೇಲೆ ದಿನಾಂಕವಾರು ಬೇಕು ಅಂದರು. ಮತ್ತೆ ಬಳಿದರು.

ಜೊತೆಗೆ ಬಂದಿದ್ದ ನನ್ನ ತಂಗಿ ಮಗಳು ಪಿಯುಸಿ ಓದುತ್ತಾಳೆ. ಬಾಯಿ ಸುಮ್ನಿರಲಿಲ್ಲ. "ಅಣ್ಣಾ, ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿದ್ರೆ ಪಟ್ಟೆ ತಾನೇ ಬರುತ್ತೆ. ಸಾರ್ಟ್ ಮಾಡಿದ್ರೂ ಕೆಡಲ್ಲ. ಗೂಗಲ್ ಶೀಟ್ಸ್‌ನಲ್ಲಿ ಫಾರ್ಮ್ಯಾಟ್ ಒಳಗೆ ಆಲ್ಟರ್ನೇಟಿಂಗ್ ಕಲರ್ಸ್ ಅಂತಲೇ ಇದೆ" ಅಂದಳು.

ಆಪರೇಟರ್ ಅವಳನ್ನು ಕರುಣೆಯಿಂದ ನೋಡಿದ. "ಗೊತ್ತಮ್ಮ. ಕಂಟ್ರೋಲ್ ಟಿ ಒತ್ತಿದ ತಕ್ಷಣ ಬರೋದು ನೀಲಿ. ಸಾಹೇಬ್ರಿಗೆ ನೀಲಿ ಆಗಿಬರಲ್ಲ."

ಅಷ್ಟರಲ್ಲಿ ಹಸಿರು ಒಂದು ಪಕ್ಷದ್ದು ಅಂತ ಯಾರೋ ತಕರಾರು ತೆಗೆದರು. ಕೇಸರಿ ಹಾಕಿದರೆ ಇನ್ನೊಂದರದ್ದು. ಹಾಸನದಲ್ಲಿ ಪಕ್ಷವಿಲ್ಲದ ಬಣ್ಣ ಹುಡುಕುವುದು ಅಂದರೆ ಹುಡುಗಾಟವಲ್ಲ. ಅದಕ್ಕೂ ಒಂದು ಮೀಟಿಂಗ್ ಆಯಿತಂತೆ. ವಡೆ, ಕಾಫಿ ಮುಗಿಯುವಷ್ಟರಲ್ಲಿ ಬೂದು ಅಂತ ತೀರ್ಮಾನವಾಯಿತು. ಆನೆಯ ಬಣ್ಣ, ಯಾರು ಬೇಡ ಅಂತಾರೆ? ಆನೆಯೂ ಒಂದು ಪಕ್ಷದ ಗುರುತು ಅನ್ನೋದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ, ಪುಣ್ಯ.

ಕೊನೆಗೂ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಅಂದರೆ ಜೆರಾಕ್ಸಿನ ಜೆರಾಕ್ಸ್ ಬಂತು. ಬೂದು ಸಾಲುಗಳೆಲ್ಲ ಇದ್ದಿಲಾಗಿದ್ದವು. ಬಿಳಿ ಸಾಲಿನ ರೈತರು ಹೆಸರು ಓದಿಕೊಂಡು ಟೀ ಕುಡಿಯಲು ಹೋದರು. ಸಮಸಂಖ್ಯೆಯ ನಾವು ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆವು. ನನ್ನದು 214. ಹೆಸರಿನ ಮೊದಲ ಅಕ್ಷರ ಕಂಡಿತು. ಮೊತ್ತ ಕಾಣಲಿಲ್ಲ.

ಒಳಗೆ ಹೋಗಿ ಕೇಳಿದೆ.

"ಯಜಮಾನ್ರೇ, ಮೊತ್ತದ ಕಾಲಂ ಇನ್ನೂ ತುಂಬಿಲ್ಲ" ಅಂದ ಆಪರೇಟರ್. ಆಮೇಲೆ ದನಿ ತಗ್ಗಿಸಿದ. "ಆದರೆ ನೀವು ಯೋಚನೆ ಮಾಡಬೇಡಿ. 190ರಲ್ಲಿ ಒಂದು ಹೆಸರು ಎರಡು ಸಲ ಬಂದುಬಿಟ್ಟಿದೆ. ಅದನ್ನ ತೆಗೆದು ಮತ್ತೆ ಬಳಿಯುವಾಗ ನೀವು ಬಿಳಿಗೆ ಬರ್ತೀರಿ."