ಅದಕ್ಕೂ ಇದಕ್ಕೂ ಏನು ಸಂಬಂಧ?

ಈಗಷ್ಟೇ ಅಂಗಡಿ ಬಾಗಿಲು ಹಾಕಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಸಂಜೆ ಒಬ್ಬ ಬಂದು ಕೆಮ್ಮಿನ ಔಷಧಿ ಕೇಳಿದ. ನಲವತ್ತೈದು ದಾಟಿರಬೇಕು. ದುಡ್ಡು ಕೊಟ್ಟ ಮೇಲೂ ಹೋಗಲಿಲ್ಲ. ಎದುರಿಗಿದ್ದ ಇಬ್ಬರು ಹೆಂಗಸರು ಮೆಟ್ಟಿಲಿಳಿಯುವವರೆಗೂ ಕಾದು ಮೊಬೈಲ್ ತೆಗೆದು ತೋರಿಸಿದ. ಕರುಳು ಶುದ್ಧವಾದರೆ ಗಂಡಸುತನ ವಾಪಸ್ ಬರ್ತದಂತೆ, ಅಂಥದ್ದೊಂದು ಪೌಡರಿನ ಜಾಹೀರಾತು.

"ಅಣ್ಣಾ, ಎರಡು ಡಬ್ಬಿ ಮುಗಿಸ್ದೆ. ಮೂರನೇದು ತರಿಸ್ಲಾ?"

"ಶುಗರ್ ಯಾವಾಗ ನೋಡ್ಸಿದ್ದು ಮಾರಾಯಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಈ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಶಿರಸಿಯಲ್ಲಿ ಔಷಧಿ ಮಾರ್ತಾ ನನ್ನ ಅರ್ಧ ಆಯುಷ್ಯ ಹೋಯ್ತು, ನಿಮಗೆ ಗೊತ್ತೇ ಇದೆ. ಸಂಬಂಧ ಇದೆ! ಶಿಶ್ನಕ್ಕೆ ರಕ್ತ ಒಯ್ಯುವ ನಾಳ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸೇರಿ ನಾಳ ಕೆಡಿಸತೊಡಗಿದರೆ ಸಣ್ಣದು ಮೊದಲು ಸೋಲ್ತದೆ. ಎಷ್ಟೋ ಜನರಲ್ಲಿ ಎದೆನೋವಿಗೆ ಎರಡು ಮೂರು ವರ್ಷ ಮೊದಲೇ ಹಾಸಿಗೆಯಲ್ಲಿ ಸೂಚನೆ ಸಿಕ್ಕಿರ್ತದೆ. ಆ ವರ್ಷಗಳನ್ನು ಪೌಡರ್ ಕಲಸಿ ಕುಡಿಯುತ್ತಾ ಕಳೀತಾರೆ.

ಕರುಳಿನ ಬ್ಯಾಕ್ಟೀರಿಯಾದ ಮೇಲೆ ಸಂಶೋಧನೆ ಆಗಿದೆಯಲ್ಲ ಅಂತೀರಿ. ಆಗಿದೆ. ಮೊಟ್ಟೆ, ಕೆಂಪು ಮಾಂಸದ ಕೆಲವು ಅಂಶಗಳನ್ನು ಅವು ಒಡೆದಾಗ ಹುಟ್ಟುವ ವಸ್ತು ಯಕೃತ್ತಿನಲ್ಲಿ ಟಿಎಂಎಒ ಅನ್ನೋ ರಾಸಾಯನಿಕ ಆಗ್ತದೆ. ರಕ್ತನಾಳ ಕಟ್ಟುವುದಕ್ಕೂ ಅದಕ್ಕೂ ನಂಟಿದೆ ಅಂತ 2011ರಿಂದ ಹೇಳ್ತಾ ಬಂದಿದ್ದಾರೆ. ಆದರೆ ಅದೇ ಟಿಎಂಎಒ ನಮ್ಮ ಕಾರವಾರದ ಬಂಗಡೆಯಲ್ಲೇ ಇದೆ, ಮೀನು ಹಳತಾದಾಗ ಹೊಡೆಯುವ ವಾಸನೆ ಅದು ಒಡೆದದ್ದೇ. ಹಾಗಂತ ಮೀನು ತಿನ್ನುವವರಿಗೆ ಹೃದಯದ ಕಾಯಿಲೆ ಹೆಚ್ಚು ಅಂತ ಕಂಡಿಲ್ಲ. ವಿಷಯ ಅಷ್ಟು ಗೋಜಲಾಗಿರುವಾಗ ಡಬ್ಬಿ ಮಾರುವವನಿಗೆ ಮಾತ್ರ ಎಲ್ಲ ಗೊತ್ತಾಗಿಬಿಟ್ಟಿದೆಯಾ? ಕರುಳಿಗೆ ಒಳ್ಳೆಯದು ಬೇಕಾದರೆ ಸೊಪ್ಪು, ಕಾಳು, ಮಜ್ಜಿಗೆ, ಮನೆಯ ಒಂದೆಲಗದ ತಂಬುಳಿ ಇಲ್ವಾ?

ಇನ್ನೂ ಹೆದರಿಕೆಯ ಮಾತು ಬೇರೆ ಇದೆ. ಗಂಡಸುತನದ 'ಗಿಡಮೂಲಿಕೆ' ಅಂತ ಮಾರುವುದರಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರಾದ ಔಷಧಿ, ಕದ್ದು ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಷ್ಟೋ ಸಲ ಹಿಡಿದಿದೆ. ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವನ ಹೊಟ್ಟೆಗೆ ಇದು ಹೋದರೆ ಬಿಪಿ ಕುಸಿದು ಪ್ರಾಣಕ್ಕೇ ಬರ್ತದೆ.

ಇದನ್ನೆಲ್ಲ ಬರೆಯುವ ನಾನೂ ಇದೇ ತೊಂದರೆಯನ್ನು ಆರು ತಿಂಗಳು ಮುಚ್ಚಿಟ್ಟಿದ್ದೆ. ಹೆಂಡತಿ ಕೇಳಿದಾಗೆಲ್ಲ ಸುಸ್ತು ಅಂತಿದ್ದೆ. ಒಂದು ರಾತ್ರಿ ಅವಳು "ನನ್ನ ಮೇಲೆ ಬೇಜಾರಾ?" ಅಂತ ಕೇಳಿ ಗೋಡೆ ಕಡೆ ತಿರುಗಿ ಅತ್ತಳು. ಮರುದಿನ ರಕ್ತ ಕೊಟ್ಟೆ. ಖಾಲಿ ಹೊಟ್ಟೆಯಲ್ಲೇ ಶುಗರ್ 212. ಈಗ ಮಾತ್ರೆ ನಡೀತಿದೆ, ಬೆಳಗ್ಗೆ ನಡಿಗೆಯೂ. ನಾವಿಬ್ಬರೂ ಮತ್ತೆ ನಗ್ತಾ ಇದ್ದೇವೆ.

ಇದನ್ನು ಅವನಿಗೂ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಬಿಪಿ ನೋಡಿದರೆ 160/100. ಚೀಟಿಯಲ್ಲಿ ಶುಗರ್, ಕೊಲೆಸ್ಟ್ರಾಲ್ ಅಂತ ಬರೆದು ಡಾಕ್ಟರ ಹತ್ತಿರ ಹೋಗಲೇಬೇಕು ಅಂದೆ. ನಾಳೆ ಬೆಳಗ್ಗೆ ಏನೂ ತಿನ್ನದೆ ರಕ್ತ ಕೊಡ್ತೇನೆ ಅಂದಿದ್ದಾನೆ. ನಂಬರ್ ಇಸ್ಕೊಂಡಿದ್ದೇನೆ. ಹತ್ತು ಗಂಟೆಯೊಳಗೆ ಸುದ್ದಿ ಬರದಿದ್ದರೆ ನಾನೇ ಫೋನ್ ಮಾಡ್ತೇನೆ.