ಹಾಗಾದರೆ ಯಾವ ವಯಸ್ಸಲ್ಲಿ?

ನಿನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯ ನೆಂಟರೊಬ್ಬರು ಮೊಬೈಲ್ ತೆಗೆದರು. ನಾನು ಇಲ್ಲಿ ಹಾಕಿದ್ದ, ನಾವು ಗಂಡ ಹೆಂಡತಿ ಅಂಡಮಾನಿನಲ್ಲಿ ತೆಗೆಸಿಕೊಂಡ ಫೋಟೋ ತೋರಿಸಿ, ಎದುರು ಸಾಲಿನವರಿಗೂ ಕೇಳುವ ಹಾಗೆ, "ಏನವ್ವಾ, ಈ ವಯಸ್ಸಿನಾಗೆ ಇವೆಲ್ಲಾ ಬೇಕಿತ್ತಾ ನಿಮಗೆ?" ಅಂದರು. ಆಮೇಲೆ ಆ ಫೋನು ಪಂಕ್ತಿಯಲ್ಲಿ ಕೈಯಿಂದ ಕೈಗೆ ಹೋಯಿತು. ನನ್ನ ಫೋಟೋ, ನನ್ನ ಕಣ್ಣೆದುರೇ. ಒಬ್ಬರು ನಕ್ಕರು. ಇನ್ನೊಬ್ಬರು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದರು. ತುಪ್ಪ ಬಂತು. ಬೇಡ ಅಂದೆ.

ಅಲ್ಲಿ ನನಗೆ ಮಾತು ಬರಲಿಲ್ಲ. ರಾತ್ರಿಯೆಲ್ಲಾ ನಿದ್ದೆಯೂ ಬರಲಿಲ್ಲ. ಅಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗಬಹುದು, ಓದಿ.

ನಮ್ಮ ಕಥೆ ನಿಮಗೆಲ್ಲಾ ಗೊತ್ತು. ನಿಮ್ಮಲ್ಲಿ ಎಷ್ಟೋ ಜನರ ಬ್ಲೌಸಿನ ಅಳತೆ ನನ್ನ ಪುಸ್ತಕದಲ್ಲಿದೆ. ನಮ್ಮನೆಯವರು ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಮೆಕ್ಕೆಜೋಳ ಬರುವ ತಿಂಗಳುಗಳಲ್ಲಿ ಅವರಿಗೆ ರಜೆ ಇಲ್ಲ. ಮದುವೆ ಸೀಸನ್ನಿನಲ್ಲಿ ನನಗೆ ಇಲ್ಲ. ಎರಡರ ನಡುವೆ ನಾಲ್ಕು ದಿನ ಬಿಡುವು ಸಿಕ್ಕರೆ ಯಾರಿಗೋ ಜ್ವರ, ಯಾರದೋ ತೊಟ್ಟಿಲು, ಮಕ್ಕಳ ಪರೀಕ್ಷೆ. 27 ವರ್ಷ ಹೀಗೇ ಹೋಯಿತು.

ನಮ್ಮ ಮದುವೆ ಆಗಿದ್ದು 1998ರಲ್ಲಿ. ಆಗ ಕ್ಯಾಮೆರಾದವರು ರೀಲು ಲೆಕ್ಕ ಹಾಕಿ ಫೋಟೋ ತೆಗೆಯುತ್ತಿದ್ದರು. ಒಂದು ರೀಲಿಗೆ 36 ಫೋಟೋ. ನಮ್ಮ ಮದುವೆಗೆ ಎರಡು ರೀಲು. ಅದರಲ್ಲಿ ನಾವಿಬ್ಬರೇ ಇರುವ ಫೋಟೋ ಒಂದೇ ಒಂದು, ಅದರಲ್ಲೂ ನನ್ನ ಮುಖ ಕಾಣುವುದಿಲ್ಲ, ಬೈತಲೆ ಕಾಣುತ್ತದೆ. ಯಾಕೆ ಅಂದರೆ ಹಿಂದೆ ನಿಂತಿದ್ದ ಸೋದರತ್ತೆ, "ತಲೆ ತಗ್ಗಿಸು, ನಗಬೇಡ, ಜನ ನೋಡ್ತಾರೆ" ಅಂತ ಬೆನ್ನಿಗೆ ಬೆರಳಲ್ಲಿ ತಿವಿಯುತ್ತಿದ್ದರು. ನನಗಾಗ 22 ವರ್ಷ. 22ಕ್ಕೆ ನಗಬಾರದಿತ್ತು, ಏನೂ ತಿಳಿಯದ ವಯಸ್ಸು. ಈಗ 49ಕ್ಕೂ ನಗಬಾರದು, ತಿಳಿದ ವಯಸ್ಸು. ಹಾಗಾದರೆ ನಾನು ನಮ್ಮನೆಯವರ ಪಕ್ಕ ನಿಂತು ನಗಬೇಕಾಗಿದ್ದು ಯಾವ ವಯಸ್ಸಲ್ಲಿ? ಯಾರಾದರೂ ಹೇಳಿ.

ಈಗಿನ ಹುಡುಗಿಯರು ಮದುವೆಗೆ ಮೊದಲೇ ನಮ್ಮ ದಾವಣಗೆರೆಯ ಗಾಜಿನ ಮನೆ, ಕುಂದವಾಡ ಕೆರೆ ಅಂತ ಫೋಟೋ ಶೂಟಿಗೆ ಹೋಗುತ್ತಾರೆ. ಅವರ ಬ್ಲೌಸು, ಗೌನು ಎಲ್ಲಾ ನನ್ನ ಮಷಿನ್ ಮೇಲೇ ಬಂದು ಹೋಗುತ್ತವೆ. ಹುಕ್ಕು ಹಾಕಿಕೊಡುವಾಗ ಅವರ ಮುಖ ನೋಡಬೇಕು ನೀವು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ಖುಷಿ. ಅದೇ ಖುಷಿ ನನಗೂ ಬೇಕು ಅಂತ ಅನ್ನಿಸುತ್ತಿತ್ತು. ಎಷ್ಟು ವರ್ಷದಿಂದ ಅನ್ನಿಸುತ್ತಿತ್ತೋ, ಬಾಯಿ ಬಿಟ್ಟು ಹೇಳಿರಲಿಲ್ಲ.

ಚೀಟಿ ದುಡ್ಡು ಬಂತು. ನಾನೇ ಹೇಳಿದೆ, ಅಂಡಮಾನಿಗೆ ಹೋಗೋಣ ಅಂತ. ಅವರು ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಕ್ಯಾಲೆಂಡರಿನಲ್ಲಿ ಫೆಬ್ರವರಿಯ ಆರು ದಿನಕ್ಕೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು.

ಬ್ಲೌಸು ಹೊಲಿದಿದ್ದೂ ಹೇಳಬೇಕು. ಹೊಲಿಯುವವಳ ಬ್ಲೌಸು ಯಾವಾಗಲೂ ಕೊನೆಗೆ, ಅರ್ಜೆಂಟಿನಲ್ಲಿ, ಹಳೆ ಅಳತೆಯಲ್ಲೇ ಮುಗಿಯುತ್ತದೆ. ಈ ಸಲ ಕನ್ನಡಿ ಮುಂದೆ ನಿಂತು ನನ್ನ ಅಳತೆ ನಾನೇ ತೆಗೆದುಕೊಂಡೆ. ಪುಸ್ತಕದಲ್ಲಿದ್ದ ಅಳತೆ 2011ರದ್ದು. ನಾಲ್ಕು ಇಂಚು ಬದಲಾಗಿತ್ತು. ಉಪ್ಪು ನೀರಿಗೆ ರೇಷ್ಮೆ ಹಾಳು, ಜರಿ ಕಪ್ಪಾಗುತ್ತದೆ. ಅದಕ್ಕೇ ಮಾವಿನ ಹಣ್ಣಿನ ಬಣ್ಣದ ಜಾರ್ಜೆಟ್ ತೆಗೆದುಕೊಂಡೆ. ನೀಲಿ ಬ್ಲೌಸು, ಮೊಣಕೈವರೆಗೆ ತೋಳು, ಹಳದಿ ಪೈಪಿಂಗ್. ಗಿರಾಕಿಗಳ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂತು ಹೊಲಿದೆ. ಪೈಪಿಂಗ್ ಒಂದು ಕಡೆ ಸರಿ ಬರಲಿಲ್ಲ ಅಂತ ಬಿಚ್ಚಿ ಮತ್ತೆ ಹಾಕಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೋಗುವಾಗ ನಾನು ಗಿರಾಕಿಗಳಿಗೆಲ್ಲಾ ಸುಳ್ಳು ಹೇಳಿದ್ದೆ. ಬೆಂಗಳೂರಲ್ಲಿ ಮಗಳ ಹತ್ತಿರ ಹೋಗಿ ಬರ್ತೀನಿ ಅಂದಿದ್ದೆ. ಗಂಡನ ಜೊತೆ ಸುಮ್ನೆ ತಿರುಗಾಡಲು ಹೋಗ್ತಿದ್ದೀನಿ ಅಂತ ಹೇಳುವ ಧೈರ್ಯ ಇರಲಿಲ್ಲ. ನಿನ್ನೆ ಕೇಳಿದ ಮಾತು ನನ್ನ ತಲೆಯೊಳಗೂ ಇತ್ತು. ಅದಕ್ಕೇ ಅಷ್ಟು ಉರಿಯಿತು ಅಂತ ಕಾಣುತ್ತದೆ.

ಬೆಂಗಳೂರಿನಿಂದ ವಿಮಾನದಲ್ಲಿ ಎರಡೂವರೆ ಗಂಟೆ ಚಿಲ್ಲರೆ. ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ. ಅಲ್ಲಿಂದ ಹಡಗಿನಲ್ಲಿ ಹ್ಯಾವ್ಲಾಕ್ ದ್ವೀಪ. ಅದಕ್ಕೂ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು, ಆದರೆ ಹಡಗಿನಲ್ಲಿ ಎಲ್ಲರ ಬಾಯಲ್ಲೂ ಹ್ಯಾವ್ಲಾಕೇ. ನನಗೆ ಹೊಟ್ಟೆ ತೊಳೆಸಿತು. ನಮ್ಮನೆಯವರು ಜೇಬಿಂದ ನಿಂಬೆಹಣ್ಣು ತೆಗೆದು ಕೊಟ್ಟರು. ಊರಿಂದಲೇ ತಂದಿದ್ದರಂತೆ.

ಆ ದ್ವೀಪದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಂದರೆ ಮಧ್ಯಾಹ್ನ ಮಲಗಿದ್ದು. ಊಟ ಮಾಡಿ ಎರಡು ಗಂಟೆ ನಿದ್ದೆ. ನಮ್ಮ ಮನೆಯಲ್ಲಿ ಮಧ್ಯಾಹ್ನ ಬೆಲ್ ಆಗದ ದಿನ ಇಲ್ಲ. "ಅಕ್ಕಾ, ಫಾಲ್ಸ್ ಆಯ್ತಾ", "ಆಂಟಿ, ತೋಳು ಸ್ವಲ್ಪ ಬಿಗಿ". ಅಲ್ಲಿ ಬೆಲ್ಲೂ ಇಲ್ಲ, ಫೋನಿಗೆ ನೆಟ್‌ವರ್ಕೂ ಸರಿಯಾಗಿ ಇಲ್ಲ. ಸಂಜೆ ಹೊತ್ತಿಗೆ ಊದಿಕೊಳ್ಳುವ ನನ್ನ ಪಾದ ಮೂರನೇ ದಿನಕ್ಕೆ ಇಳಿದಿತ್ತು. ಅವರು ಹಾಸಿಗೆ ತುದಿಯಲ್ಲಿ ಕೂತು ಅದನ್ನು ನೋಡಿ, "ಕಾಲು ಹಿಂಗೈತಾ ನಿಂದು!" ಅಂದರು. ಮದುವೆಯಾಗಿ 27 ವರ್ಷಕ್ಕೆ ನನ್ನ ಕಾಲು ನೋಡಲು ಅವರಿಗೆ ಪುರುಸೊತ್ತು ಸಿಕ್ಕಿತು.

ಫೋಟೋ ತೆಗೆದಿದ್ದು ರಾಧಾನಗರ ಬೀಚಿನಲ್ಲಿ. ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದಲ್ಲೇ ಚೆಂದದ ಬೀಚು ಅಂತ ಹೇಳಿತ್ತಲ್ಲಾ, ಅದು. ಎತ್ತರದ ಮರಗಳು ಮರಳಿನ ಅಂಚಿನವರೆಗೂ ಬಂದು ನಿಂತಿವೆ. ಮರ ಮುಗಿದಲ್ಲಿ ಬಿಳಿ ಮರಳು, ಅದರಾಚೆ ನೀರು. ಫೋಟೋ ತೆಗೆಯುವ ಹುಡುಗ ಬಂಗಾಳಿ, ನಮ್ಮ ಮಗನ ವಯಸ್ಸಿನವನು. ಒಂದು ಗಂಟೆಗೆ, 30 ಫೋಟೋಗೆ, ಎಂಟು ಸಾವಿರ. ನಾಲ್ಕು ಗಂಟೆಗೇ ಬನ್ನಿ, ತಡ ಮಾಡಬೇಡಿ ಅಂದಿದ್ದ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಸೂರ್ಯ ನಮ್ಮೂರಿಗಿಂತ ಒಂದು ಗಂಟೆಗೂ ಜಾಸ್ತಿ ಮೊದಲೇ ಮುಳುಗುತ್ತಾನೆ. ಐದೂವರೆ ಅಷ್ಟೊತ್ತಿಗೆ ಬಿಸಿಲು ಹೋಗಿಬಿಡುತ್ತದೆ.

ಮೊದಲ ಅರ್ಧ ಗಂಟೆ ಇಬ್ಬರೂ ಕೊರಡು. ಆಧಾರ್ ಕಾರ್ಡಿಗೆ ನಿಂತ ಹಾಗೆ ಇವರು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದರು. ಹುಡುಗ ಅವರ ಶರ್ಟಿನ ಜೇಬಿಂದ ಪೆನ್ನು ತೆಗೆಸಿದ. "ದಾದಾ, ನನ್ನನ್ನಲ್ಲ, ದೀದಿಯನ್ನ ನೋಡಿ" ಅಂತ ಹಿಂದಿಯಲ್ಲಿ ಹೇಳಿ ಹೇಳಿ ಸಾಕಾಗಿ, ಸ್ವಲ್ಪ ಹೊತ್ತು ಸುಮ್ನೆ ನಡೆದಾಡಿ ಅಂದ. ಚಪ್ಪಲಿಯೊಳಗೆ ಮರಳು ಸೇರಿ ಬೆರಳ ಸಂದಿ ಉಜ್ಜುತ್ತಿತ್ತು. ಕಳಚಿಟ್ಟೆ. ನಾನು ಕೇಳಲಿಲ್ಲ, ಅವರೇ ಬಗ್ಗಿ ಎತ್ತಿಕೊಂಡರು. ಲೆಕ್ಕ ಬರೆದೂ ಬರೆದೂ ಅವರ ನಡುಬೆರಳಲ್ಲಿ ಒಂದು ಗಟ್ಟಿ ಗಂಟಿದೆ. ಆ ಬೆರಳಿಗೆ ನನ್ನ ಚಪ್ಪಲಿಯ ಪಟ್ಟಿ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದರು. ಅಲೆ ಬಂದು ನೆರಿಗೆ ಒದ್ದೆ ಆಯಿತು. ನನಗೆ ನಗು ಬಂತು. ಜೋರಾಗಿ, ಹಲ್ಲೆಲ್ಲಾ ಕಾಣುವ ಹಾಗೆ ನಕ್ಕೆ. ಅವರು ಸಮುದ್ರ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಹುಡುಗ ಕ್ಲಿಕ್ ಮಾಡಿದ್ದು ಅದನ್ನೇ.

ನಿನ್ನೆ ಪಂಕ್ತಿಯಲ್ಲಿ ಕೈಯಿಂದ ಕೈಗೆ ಹೋದ ಫೋಟೋ ಅದು.

ರಾತ್ರಿ ಯೋಚನೆ ಮಾಡಿದಾಗ ಗೊತ್ತಾಯಿತು. ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದರಲ್ಲಾ, ನನ್ನ ಮುಖ ನೋಡಲಿಲ್ಲ ಅವರು. ಚಪ್ಪಲಿ ನೋಡಿದರು. ಗಂಡಸು ಹೆಂಡತಿಯ ಚಪ್ಪಲಿ ಹಿಡಿದುಕೊಂಡಿದ್ದಾನೆ, ಅದೂ ಜನರ ಮುಂದೆ. ವಯಸ್ಸು ಸುಮ್ನೆ ನೆಪ. 25 ವರ್ಷದ ಹುಡುಗ ಹಿಡಿದಿದ್ದರೂ ಅವರಿಗೆ ಚುಚ್ಚುತ್ತಿತ್ತು. ಈ ಮನುಷ್ಯನ ಅಂಗಿ, ಊಟ, ಮಾತ್ರೆ, ಅವರಮ್ಮನ ಹಾಸಿಗೆ, ಎಲ್ಲಾ 27 ವರ್ಷ ನನ್ನ ಕೈಯಲ್ಲಿತ್ತು. ಅದನ್ನು ಯಾರೂ ಫೋಟೋ ತೆಗೆದು ಪಂಕ್ತಿಯಲ್ಲಿ ತೋರಿಸಲಿಲ್ಲ. ಹತ್ತು ನಿಮಿಷ ನನ್ನ ಚಪ್ಪಲಿ ಅವರ ಕೈಯಲ್ಲಿದ್ದಿದ್ದು ಇವರಿಗೆಲ್ಲಾ ಕಂಡಿತು.

ದುಡ್ಡಿನ ಮಾತೂ ಬಂತು. ಮಗಳ ಮದುವೆ ಇನ್ನೂ ಇದೆ, ಆ ದುಡ್ಡಲ್ಲಿ ಬಂಗಾರ ತೆಗೆದಿಡಬಹುದಿತ್ತು ಅಂತ. ಮಗಳಿಗೆ ಓದಿಸಿದ್ದೇವೆ, ಅವಳು ದುಡಿಯುತ್ತಿದ್ದಾಳೆ. ಹೋಗಿ ಬಾರಮ್ಮಾ ಅಂತ ವಿಮಾನದ ಟಿಕೆಟ್ ಮಾಡಿಕೊಟ್ಟವಳೇ ಅವಳು. ಚೀಟಿ ನನ್ನ ದುಡಿಮೆಯದು. ಮುಗಿಯಿತು.

ಕಾಶಿಗೋ ಉಳವಿಗೋ ಹೋಗಬಹುದಿತ್ತು ಅಂದವರೂ ಇದ್ದಾರೆ. ಉಳವಿಗೆ ಹೋಗಿದ್ದೇನೆ. ಹನ್ನೆರಡು ಜನರಿಗೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಹೋಗಿದ್ದೆ, ಬಡಿಸಿದ್ದೆ, ಪಾತ್ರೆ ತೊಳೆದು ತಂದಿದ್ದೆ. ದೇವರ ಮೇಲೆ ಭಕ್ತಿ ಇದೆ. ಆದರೆ ಅದು ನನಗೆ ರಜೆ ಆಗಿರಲಿಲ್ಲ.

ಇನ್ನೊಂದು ಮಾತು ಮಾತ್ರ ನನ್ನನ್ನು ನಿಲ್ಲಿಸಿತು. ಕರಿನೀರಿನ ಶಿಕ್ಷೆ ಅನುಭವಿಸಿದವರ ನೆಲದಲ್ಲಿ ಫೋಟೋ ಶೂಟಾ ಅಂತ ಒಬ್ಬ ಹುಡುಗ ಕೇಳಿದ. ಸರಿಯಾದ ಪ್ರಶ್ನೆ, ಸಿಟ್ಟು ಬರಲಿಲ್ಲ. ಸೆಲ್ಯುಲಾರ್ ಜೈಲಿಗೆ ನಾವು ಮೊದಲ ದಿನವೇ ಹೋಗಿದ್ದೆವು. 1896ರಿಂದ 1906ರವರೆಗೆ ಕಟ್ಟಿದ್ದು. ಏಳು ಸಾಲಿದ್ದಿದ್ದು ಈಗ ಮೂರೇ ಉಳಿದಿವೆ. ಒಂದು ಕೋಣೆಯೊಳಗೆ ನಿಂತೆ. ಕಿಟಕಿ ಎಲ್ಲೋ ಮೇಲೆ, ಕೈಗೆ ಎಟುಕದಷ್ಟು. ಗಾಣಕ್ಕೆ ಎತ್ತಿನ ಬದಲು ಮನುಷ್ಯರನ್ನು ಕಟ್ಟುತ್ತಿದ್ದರಂತೆ. ಅಲ್ಲಿ ನಾವು ಒಂದೂ ಫೋಟೋ ತೆಗೆಸಿಕೊಳ್ಳಲಿಲ್ಲ. ಹೊರಗೆ ಬಂದು ಇವರು ತುಂಬಾ ಹೊತ್ತು ಮಾತಾಡಲಿಲ್ಲ. ಆ ಗೋಡೆಯೊಳಗೆ ಇದ್ದವರು ಹೆಂಡತಿ ಮುಖ ನೋಡದೆ ವರ್ಷಗಟ್ಟಲೆ ಕಳೆದರು. ಅದನ್ನು ನೋಡಿ ಬಂದ ಮೇಲೆ, ಸಮುದ್ರದ ಮುಂದೆ ನನ್ನ ಗಂಡನ ಕೈ ಹಿಡಿಯಲು ನಾನು ನಾಚಿಕೆ ಪಡಬೇಕಾ?

ಅಲ್ಲಿಂದ ಏನು ತಂದೆ ಅಂತ ಕೇಳಿದವರಿಗೆ: ಏನೂ ತರಲಿಲ್ಲ. ದಡದಲ್ಲಿ ಬಿದ್ದಿದ್ದ ಒಂದು ಸತ್ತ ಹವಳದ ತುಂಡನ್ನು ದೇವರ ಕೋಣೆಗೆ ಅಂತ ಕೈಗೆತ್ತಿಕೊಂಡಿದ್ದೆ. ಆ ಹುಡುಗನೇ, ದೀದಿ, ಇದನ್ನು ಒಯ್ಯುವುದು ಕಾನೂನಿಗೆ ವಿರುದ್ಧ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ ಅಂದ. ಅಲ್ಲೇ ಇಟ್ಟು ಬಂದೆ.

ಫೋಟೋ ಮಾತ್ರ ತಂದೆ. ಅದನ್ನು ಇಲ್ಲಿಂದ ತೆಗೆಯುವುದಿಲ್ಲ. ನಿನ್ನೆ ರಾತ್ರಿ ತೆಗೆದುಬಿಡಲಾ ಅಂತ ಇವರನ್ನು ಕೇಳಿದ್ದೆ. "ಯಾಕೆ? ಅದ್ರಾಗೆ ನೀನು ಚಂದ ಅದೀಯಲ್ಲ" ಅಂದು ಮಗ್ಗುಲು ಬದಲಿಸಿದರು.

ಇವತ್ತು ಬೆಳಿಗ್ಗೆ ಫ್ರೇಮ್ ಅಂಗಡಿಗೆ ಕೊಟ್ಟು ಬಂದಿದ್ದೇನೆ. ಎರಡು ಅಡಿ ಅಗಲ, ತೇಗದ ಬಣ್ಣದ ಕಟ್ಟು. ಹಾಲಿನಲ್ಲಿ, ಬಾಗಿಲು ತೆಗೆದರೆ ಎದುರಿಗೇ ಕಾಣುವ ಗೋಡೆಗೆ ಇವರು ಮೊಳೆ ಹೊಡೆದಿದ್ದಾರೆ. ಭಾನುವಾರ ಬರುತ್ತದೆ. ಚಪ್ಪಲಿ ಪೂರ್ತಿ ಕಾಣುವ ಹಾಗೆ ಕಟ್ಟು ಹಾಕಿ, ಕೆಳಗೆ ಕತ್ತರಿಸಬೇಡಿ ಅಂತ ಎರಡು ಸಲ ಹೇಳಿ ಬಂದಿದ್ದೇನೆ.